ಈಸ್ಟರ್ ಸೋಮವಾರದ ಮೊದಲ ರೆಕ್ಕೆ

ಕ್ಯಾಸ್‌ನ ಬಿಯರು-ಊಟದ ಟ್ಯಾವರ್ನಿನಲ್ಲಿ ಕೋಳಿ ರೆಕ್ಕೆ ಕರಿಯುವ ಬರ್ನಿ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ತಾನು ಮಾಡಿದ್ದನ್ನು ತಾನೇ ಬಾಯಿಗಿಡುತ್ತಿರಲಿಲ್ಲ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಇಗರ್ಜಿಯಿಂದ ನೇರವಾಗಿ ಅಡುಗೆಮನೆಗೆ ಬರುವಳು, ಏಪ್ರನ್ ಕಟ್ಟುವಳು, ಎಣ್ಣೆ ಕಾಯಿಸುವಳು, ಬೆಣ್ಣೆ ಕರಗಿಸಿ ಕೆಂಪು ಮೆಣಸಿನ ಸಾಸ್ ಬೆರೆಸುವಳು. ಎಲ್ಲ ಎಂದಿನಂತೆಯೇ. ಕಿರುಬೆರಳನ್ನು ಸಾಸಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡುವುದು ಮಾತ್ರ ಅಂದಿನಿಂದ ಬಂದ್.

ಆ ದಿನಗಳಲ್ಲಿ ಅವಳ ನಾಲಿಗೆಯ ಕೆಲಸ ಮಾಡುತ್ತಿದ್ದವನು ಜೀನ್ ರಿಕರ್ಟ್. ರೈಲ್ವೆಯಿಂದ ನಿವೃತ್ತನಾಗಿ ಟ್ಯಾವರ್ನಿನ ಮೂಲೆಯ ಸ್ಟೂಲಿಗೆ ಅಂಟಿಕೊಂಡಿದ್ದ ಮುದುಕ. ಲೂಥರನ್ ಆದ್ದರಿಂದ ಕಥೋಲಿಕರ ಈ ನಲವತ್ತು ದಿನಗಳ ತಪಸ್ಸುಕಾಲದ ಕಟ್ಟುಪಾಡು ಅವನಿಗಿಲ್ಲ. ಬರ್ನಿ ಅಡುಗೆಮನೆಯ ಕಿಟಕಿಯಿಂದ ಒಂದು ಬಟ್ಟಲು ಸಾಸ್ ತಳ್ಳುವಳು. ಅವನು ಚಪ್ಪರಿಸುವನು.

"ಉಪ್ಪು?"

"ಇದೆ."

"ಹುಳಿ?"

"ಇನ್ನೊಂದ್ಸಲ ಕೊಡು, ಗಮನ ಬೇರೆ ಕಡೆ ಇತ್ತು."

"ನಿಂಗೆ ಗಮನ ಅಂತ ಒಂದು ಇದ್ದಿದ್ರೆ ತಾನೇ ಬೇರೆ ಕಡೆ ಹೋಗೋಕೆ!"

"ನೋಡು ಬರ್ನಿ, ನಿಮ್ಮ ಪಾದ್ರಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು. ನೀವು ಉಪವಾಸ ಬಿದ್ದಷ್ಟೂ ನಾನು ದಪ್ಪ ಆಗ್ತೀನಿ."

ಬಫಲೋ ಊರಿನಲ್ಲಿ ತಪಸ್ಸುಕಾಲಕ್ಕೆ ಒಬ್ಬೊಬ್ಬರು ಒಂದೊಂದನ್ನು ಬಿಡುವುದು ಇದ್ದದ್ದೇ. ಕೆಲವರು ಬಿಯರ್ ಬಿಡುತ್ತಾರೆ, ಕೆಲವರು ಸಿಹಿ ಬಿಡುತ್ತಾರೆ. ಕ್ಯಾಸ್ ಪ್ರತಿ ವರ್ಷ ಬೈಗುಳ ಬಿಡುತ್ತೇನೆಂದು ಶುರುಮಾಡಿ ಮೊದಲ ಹಿಮ ಗೋರುವ ಬೆಳಗ್ಗೆಯೇ ಸೋಲುತ್ತಾನೆ. ಆದರೆ ರೆಕ್ಕೆ ಕರಿಯುವವಳೇ ರೆಕ್ಕೆ ಬಿಡುವುದೆಂದರೆ, ದಿನವಿಡೀ ಅದರದೇ ಹೊಗೆಯಲ್ಲಿ ನಿಂತು, ಕೂದಲಿಗೆ, ಉಗುರಿಗೆ, ದಿಂಬಿಗೂ ಅದರದೇ ವಾಸನೆ ಹತ್ತಿಸಿಕೊಂಡು, ತಿನ್ನದೆ ಇರುವುದೆಂದರೆ ಹುಡುಗಾಟವಲ್ಲ. ಬರ್ನಿಗೆ ರೆಕ್ಕೆಯೆಂದರೆ ಪ್ರಾಣ. ಬೇರೆಯವರಿಗೆ ಕರಿದು ಕರಿದು ಅದು ಹಳಸಿಹೋಗಬೇಕಿತ್ತು, ಹೋಗಿರಲಿಲ್ಲ. ಹೊರಗೆ ಗರಿಗರಿ, ಒಳಗೆ ಮೂಳೆ ಬಿಟ್ಟು ಬರುವ ಹದ, ತುಟಿ ಉರಿಯುವಷ್ಟು ಸಾಸ್, ಆ ಉರಿಗೆ ತಣ್ಣಗೆ ಬ್ಲೂ ಚೀಸ್, ಜೊತೆಗೆ ಹಸಿಯಾಗಿಯೇ ಕಡಿಯುವ ಒಂದೆರಡು ಸೆಲರಿ ಸೊಪ್ಪಿನ ದಂಟು. ಕೆಲಸ ಮುಗಿದ ಮೇಲೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅವಳು ತಿನ್ನುವುದನ್ನು ನೋಡಿದವರು ಅದನ್ನು ಪ್ರಾರ್ಥನೆಯೆಂದೇ ತಿಳಿಯಬೇಕು.

ಈ ಹರಕೆ ಅವಳೊಬ್ಬಳದಲ್ಲ. ತಂಗಿ ಆಡ್ರಿಯದೂ ಹೌದು.

ಅವರಮ್ಮನಿಗೆ ಪಾರ್ಶ್ವವಾಯು ಹೊಡೆದದ್ದು ಒಂದು ತಪಸ್ಸುಕಾಲದಲ್ಲಿ. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಆಸ್ಪತ್ರೆಯ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಇಬ್ಬರೂ ಮಂಡಿಯೂರಿ, ಏನು ಕೊಡುವುದು, ದೇವರಿಗೆ ನಮ್ಮಲ್ಲಿ ಏನಿದೆ ಎಂದು ಗುಸುಗುಸು ಮಾಡಿದರು. "ನಂಗೆ ಬಿಡೋಕೆ ಕಷ್ಟ ಆಗೋದು ಒಂದೇ, ವಿಂಗ್ಸ್" ಎಂದಳು ಆಡ್ರಿ, ಅಳುತ್ತ ನಗುತ್ತ. "ನಂಗೂ ಅದೇ" ಎಂದಳು ಬರ್ನಿ. ಬದುಕಿರುವವರೆಗೆ ಪ್ರತಿ ತಪಸ್ಸುಕಾಲ ರೆಕ್ಕೆ ಮುಟ್ಟುವುದಿಲ್ಲ. ಈಸ್ಟರ್ ಕಳೆದ ಸೋಮವಾರ ಮೊದಲ ರೆಕ್ಕೆಯನ್ನು ಇಬ್ಬರೂ ಒಟ್ಟಿಗೇ ತಿನ್ನುವುದು. ಅಮ್ಮ ಆ ಬೇಸಿಗೆಯಲ್ಲೇ ಕೋಲು ಹಿಡಿದು ಅಂಗಳಕ್ಕೆ ಬಂದಳು. ಅಕ್ಕಪಕ್ಕದವರು ಡಾಕ್ಟರ ಕೈಗುಣ ಎಂದರು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು ಅಷ್ಟೇ.

ಮರುವರ್ಷ ಆಡ್ರಿಯ ಗಂಡನಿಗೆ ಅರಿಜೋನಾದಲ್ಲಿ ಕೆಲಸ ಸಿಕ್ಕಿತು. ಆಗ ಅವರು ಇದ್ದದ್ದು ಬರ್ನಿ ಈಗಲೂ ಇರುವ ಮನೆಯ ಮಹಡಿಯಲ್ಲಿ. ಈ ಭಾಗದ ಮನೆಗಳೆಲ್ಲ ಹಾಗೆಯೇ, ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ಕೆಳಗೆ ಅಮ್ಮ ಮತ್ತು ಮದುವೆಯಾಗದ ಬರ್ನಿ, ಮೇಲೆ ಆಡ್ರಿ, ಗಂಡ ಡಗ್, ಪುಟ್ಟ ಮಗಳು ಶೆಲ್ಬಿ. ಹೋಗುವ ದಿನ ಆಡ್ರಿ ಮಹಡಿಯ ಬೀಗದ ಕೈಯನ್ನು ಅಕ್ಕನ ಅಂಗೈಗೆ ಒತ್ತಿ, "ಯಾರಿಗೂ ಕೊಡ್ಬೇಡ ಕಣೇ. ಎರಡೇ ವರ್ಷ. ಬಂದೇಬರ್ತೀನಿ" ಎಂದಳು.

ಆಮೇಲೆ ಡಗ್ ಬೇರೆಯವಳ ಹಿಂದೆ ಹೋದ. ಶೆಲ್ಬಿ ಬೆಳೆದಳು. ಅಮ್ಮ ತೀರಿಕೊಂಡಳು. ಆಡ್ರಿ ಮಣ್ಣಿಗೆ ಬಂದು ಮೂರು ದಿನವಿದ್ದು ಹೋದಳು. ಅದೂ ತಪಸ್ಸುಕಾಲದ ನಡುವೆಯೇ, ಹಾಗಾಗಿ ಒಟ್ಟಿಗೆ ಒಂದು ರೆಕ್ಕೆಯನ್ನೂ ತಿನ್ನಲಾಗಲಿಲ್ಲ. ಮಹಡಿ ಮನೆ ಮಾತ್ರ ಹಾಗೆಯೇ ಕಾದಿತ್ತು. ಬರ್ನಿ ಚಳಿಗಾಲಪೂರ್ತಿ ಅಲ್ಲಿಯೂ ಹೀಟರ್ ಉರಿಸುತ್ತಿದ್ದಳು, ನೀರಿನ ಪೈಪು ಹೆಪ್ಪುಗಟ್ಟಿ ಒಡೆದೀತೆಂದು. ಕ್ಯಾಸ್‌ನ ತಂಗಿಯ ಮಗಳು ಡೆನೀಸ್ ಹೊಸದಾಗಿ ಮದುವೆಯಾದಾಗ ಒಮ್ಮೆ ಕೇಳಿದಳು, ಬಸುರಿಯಾದಾಗ ಇನ್ನೊಮ್ಮೆ ಕೇಳಿದಳು. "ಅದು ನನ್ನ ತಂಗೀದಮ್ಮ, ಇವತ್ತೋ ನಾಳೆಯೋ ಬರ್ತಾಳೆ" ಎಂದು ಬರ್ನಿ ಎರಡು ಸಲವೂ ಕಳಿಸಿಬಿಟ್ಟಿದ್ದಳು.

ಬರುತ್ತಾಳೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಆಡ್ರಿ ಫೋನ್ ಮಾಡಿದಾಗಲೆಲ್ಲ ಊರಿನ ಊಟದ್ದೇ ಮಾತು.

"ಇಲ್ಲಿ ವಿಂಗ್ಸ್ ಅಂತ ಮಾರ್ತಾರೆ ಬರ್ನಿ, ಏನು ಹೇಳ್ಲಿ! ಮೇಲೆ ಹಿಟ್ಟು ಮೆತ್ತಿರ್ತಾರೆ. ಜೊತೆಗೆ ಬ್ಲೂ ಚೀಸ್ ಕೇಳಿದ್ರೆ ಮುಖ ನೋಡ್ತಾರೆ, ರಾಂಚ್ ತಂದಿಡ್ತಾರೆ."

"ರಾಂಚಾ? ಸೊಪ್ಪಿಗೆ ಹಾಕೋ ಮಜ್ಜಿಗೆ ಸಾರು! ಎದ್ದು ಬರ್ಬೇಕಿತ್ತು ನೀನು."

"ಬಂದೆ ಕಣೇ! ನಮ್ಮೂರಲ್ಲಿ ಆ ಉಪ್ಪು ಶಾಹಿಜೀರಿಗೆ ಹಾಕಿದ ಬನ್ನಲ್ಲಿ ತೆಳ್ಳಗೆ ಕೊಯ್ದ ಬೀಫ್ ಇಟ್ಟು ಕೊಡ್ತಿದ್ರಲ್ಲ, ಮೂಗಿಗೆ ಹತ್ತೋ ಹಾರ್ಸ್‌ರ‍್ಯಾಡಿಶ್ ತುರಿ ಹಾಕಿ... ರಾತ್ರಿ ಕನಸಲ್ಲಿ ಬರುತ್ತೆ."

ಇಷ್ಟು ಕೇಳಿದರೆ ಬರ್ನಿ ಸುಮ್ಮನಿರುವಳೆ? ಪ್ರತಿ ತಿಂಗಳು ಡಬ್ಬಿ ಕಟ್ಟಿದಳು. ಅರ್ಧ ಕರಿದು ತಣ್ಣಗೆ ಮಾಡಿದ ರೆಕ್ಕೆ, ಐಸ್ ಪೊಟ್ಟಣ, ಸಾಸಿನ ಬಾಟಲಿ, ಬ್ಲೂ ಚೀಸ್, ಬನ್ನು. ಚಳಿಗಾಲವಾದರೆ ಸ್ಪಾಂಜ್ ಕ್ಯಾಂಡಿಯೂ. ಬೇಸಿಗೆಯಲ್ಲಿ ಕಳಿಸಿದರೆ ಅದರ ಚಾಕಲೇಟು ಕರಗಿ ಒಳಗಿನ ಸಕ್ಕರೆ ಗೂಡು ಅಂಟಂಟಾಗುತ್ತದೆ. ಡಬ್ಬಿ ಬಿಸಿಲಲ್ಲಿ ಬಾಗಿಲ ಮುಂದೆ ಬಿದ್ದು ಕೆಟ್ಟುಹೋದರೆ ಎಂದು ತಳಮಳ. ತಲುಪಿತೆಂಬ ಫೋನು ಬರುವವರೆಗೆ ಬರ್ನಿಗೆ ಊಟ ಸೇರುತ್ತಿರಲಿಲ್ಲ. "ಬಂತು ಕಣೇ, ನಿಂತಲ್ಲೇ ಅರ್ಧ ಮುಗಿಸ್ಬಿಟ್ಟೆ" ಎನ್ನುವಳು ಆಡ್ರಿ. ಬರ್ನಿ ಫೋನಿಟ್ಟು ಆಗ ತಾನು ತಟ್ಟೆ ಹಾಕಿಕೊಳ್ಳುವಳು.

ಈಸ್ಟರ್ ಸೋಮವಾರದ ಫೋನು ಇದೆಲ್ಲಕ್ಕಿಂತ ದೊಡ್ಡದು. ಅಂದು ಇವರಂಥ ಪೋಲಿಷ್ ಮೂಲದವರ ಮನೆಗಳಲ್ಲಿ ಹುಡುಗರು ಹುಡುಗಿಯರ ಮೇಲೆ ನೀರೆರಚುತ್ತಾರೆ, ಹುಡುಗಿಯರು ವಿಲೋ ಮರದ ಎಳೆ ಬರಲಿನಿಂದ ಅವರ ಕಾಲಿಗೆ ಬಾರಿಸುತ್ತಾರೆ, ಟ್ಯಾವರ್ನಿನಲ್ಲಿ ಅಕಾರ್ಡಿಯನ್ ಸದ್ದಿಗೆ ಕಿವಿ ಹಾರಿಹೋಗುತ್ತದೆ. ಆ ಗದ್ದಲದಲ್ಲಿ ಬರ್ನಿ ಉಗ್ರಾಣದೊಳಗೆ ಹೋಗಿ ಬಾಗಿಲೆಳೆದುಕೊಳ್ಳುವಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಿಸಿ ರೆಕ್ಕೆ.

"ಇದೆಯಾ ಕೈಯಲ್ಲಿ?"

"ಇದೆ. ಇನ್ನೂ ಕಾಫಿ ಕುಡಿದಿಲ್ಲ ನಾನು, ಬೆಳಗ್ಗೆ ಬೆಳಗ್ಗೇನೇ ವಿಂಗ್ಸು!"

"ಅಮ್ಮನಿಗೋಸ್ಕರ."

"ಅಮ್ಮನಿಗೋಸ್ಕರ."

ಇಬ್ಬರೂ ಒಟ್ಟಿಗೆ ಕಡಿಯುವರು. ದೇಶದ ಆ ತುದಿಯಿಂದ ಕುರುಂ ಎಂಬ ಸದ್ದು ಬರ್ನಿಯ ಕಿವಿಗೆ ಬೀಳುವುದು. ಎಷ್ಟು ಗರಿಯಾಗಿ ಬಿಸಿಮಾಡಿಕೊಂಡಿದ್ದಾಳೆ ನೋಡು, ನಾನು ಹೇಳಿಕೊಟ್ಟಂತೆಯೇ, ಎಂದು ಅವಳಿಗೆ ಹೆಮ್ಮೆ. ನಲವತ್ತು ದಿನದ ಕಟ್ಟು ಆ ಒಂದು ಸದ್ದಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು.

ಈ ವರ್ಷ ಫೋನಿನ ಅಗತ್ಯವೇ ಬೀಳಲಿಲ್ಲ. ದಂತವೈದ್ಯರ ಕಚೇರಿಯ ಕೆಲಸದಿಂದ ಆಡ್ರಿ ನಿವೃತ್ತಳಾದಳು. ಈಸ್ಟರ್‌ಗೆ ಬರುತ್ತೇನೆ, ಮನೆಯನ್ನೂ ನೋಡಿದ ಹಾಗಾಯಿತು ಎಂದಳು. ಮನೆ ನೋಡುವುದೆಂದರೆ ಇನ್ನೇನು ಅರ್ಥ? ಬರ್ನಿ ಮಹಡಿಯ ಗೋಡೆಗಳಿಗೆ ತಿಳಿ ಹಳದಿ ಬಳಿಸಿದಳು. ಪರದೆ ಒಗೆದಳು. ಅಡುಗೆಮನೆಗೆ ಹೊಸ ಒಲೆ ತರಿಸಿದಳು. "ಒಲೆ ಯಾಕೆ, ಅವಳು ಹೇಗೂ ಇಲ್ಲೇ ತಿಂತಾಳಲ್ಲ" ಎಂದು ಕ್ಯಾಸ್ ರೇಗಿಸಿದ. "ಮುಚ್ಕೊಂಡಿರು, ನಿನ್ನ ಬೈಗುಳದ ಹರಕೆ ಮುರಿಯೋ ಹಾಗೆ ಮಾಡ್ತೀನಿ" ಎಂದಳು ಇವಳು, ಹಾಡಿಕೊಳ್ಳುತ್ತ.

ಶುಭ ಶುಕ್ರವಾರ ಆಡ್ರಿ ಬಂದಳು. ಜೊತೆಗೆ ಮಗಳು ಶೆಲ್ಬಿ, ಶೆಲ್ಬಿಯ ಸೊಂಟದ ಮೇಲೆ ಎಂಟು ತಿಂಗಳ ಮೈಲೋ. ಆಡ್ರಿ ಬಿಸಿಲಿಗೆ ಕಂದಿ, ತೆಳ್ಳಗೆ, ಗಟ್ಟಿಯಾಗಿ ಇದ್ದಳು. ಶೆಲ್ಬಿಗೆ ಒಳಗೆ ಕಾಲಿಟ್ಟಲ್ಲಿಂದ ಒಂದೇ ಚಿಂತೆ: ಮಹಡಿ ಮೆಟ್ಟಿಲು ಇಷ್ಟು ಕಡಿದಾಗಿದೆ, ಮಗು ಉರುಳಿದರೆ? ಹೀಟರ್ ಇಷ್ಟು ಬಿಸಿ, ಕೈ ಇಟ್ಟರೆ? ಕಿಟಕಿಯ ಚಿಲಕ ಸಡಿಲವೇ?

"ಚೋಚಾ, ಇಲ್ಲಿ ಮಕ್ಕಳು ಹೇಗೆ ಬೆಳೆದ್ರು?" ಎಂದು ಕೇಳಿದಳು. ದೊಡ್ಡಮ್ಮನನ್ನು ಪೋಲಿಷ್ ಮಾತಿನಲ್ಲಿ ಚೋಚಾ ಎಂದು ಕರೆಯುವುದೊಂದನ್ನು ಅವಳು ಮರೆತಿರಲಿಲ್ಲ.

"ನೀನೇ ಈ ಮೆಟ್ಟಿಲಿಂದ ಉರುಳಿದ್ದೆ, ಎರಡು ಸಲ. ಚೆನ್ನಾಗೇ ಇದ್ದೀಯಲ್ಲ."

"ಅಮ್ಮಾ! ಎರಡು ಸಲಾನಾ?"

ಆಡ್ರಿ ನಗುತ್ತಾ ಹಳದಿ ಗೋಡೆಯ ಮೇಲೆ ಕೈಯಾಡಿಸಿದಳು. "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯಾ ಬರ್ನಿ" ಎಂದಳು. ಇಟ್ಟುಕೊಂಡಿದ್ದೀಯಾ ಎಂದಳು, ನನಗಾಗಿ ಇಟ್ಟಿದ್ದೀಯಾ ಎನ್ನಲಿಲ್ಲ. ಬರ್ನಿ ಆಗ ಅದನ್ನು ಗಮನಿಸಲಿಲ್ಲ. ಆಮೇಲೆ ಎಷ್ಟೋ ದಿನ ಅದೊಂದೇ ಮಾತನ್ನು ತಿರುವಿ ತಿರುವಿ ನೋಡಿದಳು.

ಶನಿವಾರ ಬುಟ್ಟಿ ಹೊತ್ತು ಇಗರ್ಜಿಗೆ ಹೋಗಿ ಆಶೀರ್ವಾದ ಮಾಡಿಸಿಕೊಂಡು ಬಂದರು. ಬಣ್ಣದ ಮೊಟ್ಟೆ, ಸಾಸೇಜು, ರೊಟ್ಟಿ, ಕಾಳುಮೆಣಸಿನ ಕಣ್ಣಿಟ್ಟ ಬೆಣ್ಣೆಯ ಕುರಿಮರಿ. ಈಸ್ಟರ್ ಬೆಳಗ್ಗೆ ಆಡ್ರಿ ಮೊಟ್ಟೆ ತಿಂದಳು, ಕುರಿಮರಿಯ ಬಾಲವನ್ನು ರೊಟ್ಟಿಗೆ ಹಚ್ಚಿಕೊಂಡಳು. ಸಾಸೇಜಿನ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು.

"ಯಾಕೇ?"

"ವಿಮಾನದಲ್ಲಿ ಹೊಟ್ಟೆ ಕೆಟ್ಟಿದೆ."

ನಾಳೆಗಾಗಿ ಜಾಗ ಉಳಿಸಿಕೊಳ್ಳುತ್ತಿದ್ದಾಳೆ, ಕಳ್ಳಿ, ಎಂದುಕೊಂಡಳು ಬರ್ನಿ.

ಸೋಮವಾರ ಟ್ಯಾವರ್ನು ಕಿಕ್ಕಿರಿದಿತ್ತು. ಬರ್ನಿಗೆ ಅಂದು ರಜೆ, ಆದರೂ ಈ ಒಂದು ತಟ್ಟೆಯನ್ನು ಬೇರೆಯವರ ಕೈಗೆ ಬಿಡುವ ಮಾತೇ ಇರಲಿಲ್ಲ. ಆಡ್ರಿಯನ್ನು ಜೀನ್ ಪಕ್ಕದ ಮೇಜಿನಲ್ಲಿ ಕೂರಿಸಿ ಒಳಗೆ ಬಂದಳು. ರೆಕ್ಕೆಗಳನ್ನು ತಾನೇ ಆರಿಸಿ ಎಣ್ಣೆಗೆ ಬಿಟ್ಟಳು. ಸಾಸ್ ಬೆರೆಸಿ ಅಭ್ಯಾಸದಂತೆ ಬಟ್ಟಲನ್ನು ಕಿಟಕಿಗೆ ತಳ್ಳಿದಾಗ ಜೀನ್ ಕೈಯಾಡಿಸಿದ: "ನನ್ನ ಡ್ಯೂಟಿ ನಿನ್ನೆಗೆ ಮುಗೀತು. ಇವತ್ತು ನೀವಿಬ್ರೇ ನೋಡ್ಕೊಳ್ಳಿ."

ಅಷ್ಟರಲ್ಲಿ ಶೆಲ್ಬಿ ಮಗುವನ್ನೆತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಹಾಲಿನ ಬಾಟಲಿ ಬಿಸಿಮಾಡಬೇಕಿತ್ತು. ಕುದಿಯುವ ಎಣ್ಣೆಯನ್ನು ಕಂಡು ಒಳಗೆ ಬರದೆ ಹೊಸ್ತಿಲಲ್ಲೇ ನಿಂತಳು. ಬರ್ನಿ ಬಿಸಿನೀರಿನಲ್ಲಿ ಬಾಟಲಿ ಇಟ್ಟು, ಹದವಾದ ಮೇಲೆ ಕೊಟ್ಟಳು. ಶೆಲ್ಬಿ ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿದಳು, ಇನ್ನೊಂದು ಹನಿ ಬಿಟ್ಟು ಮತ್ತೆ ನೋಡಿದಳು. ಮಗು ಕುಡಿಯತೊಡಗಿದ ಮೇಲೆಯೇ ಅವಳಿಗೆ ಬೇರೆಯದು ನೆನಪಾದದ್ದು.

"ಅಯ್ಯೋ ಚೋಚಾ, ಇದನ್ನ ಕೊಡೋದು ಮರ್ತೇಬಿಟ್ಟಿದ್ದೆ." ಹೆಗಲ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಒಳಗೆ ಒಣಗಿದ ಕೆಂಪು ಮೆಣಸಿನಕಾಯಿ, ಉದ್ದುದ್ದ, ಕಪ್ಪಿಗೆ ತಿರುಗಿದ ಕೆಂಪು. "ರಮೀರೋ ಕಳಿಸಿದ್ದು. ಅವರ ಅಮ್ಮನ ಊರಿಂದ ತರಿಸಿದ್ದಂತೆ. ನಿಮಗೇ ಕೈಗೆ ಕೊಡ್ಬೇಕು ಅಂತ ಮೂರು ಸಲ ಹೇಳಿದ್ರು."

"ರಮೀರೋ ಯಾರಮ್ಮ?"

"ಪಕ್ಕದ ಮನೆಯವರು! ನಿಮ್ಮ ವಿಂಗ್ಸ್ ತಿನ್ನೋರು." ಶೆಲ್ಬಿ ನಕ್ಕಳು. "ಡಬ್ಬಿ ಬಂದ ದಿನ ಅವರ ಮನೇಲಿ ಹಬ್ಬ. ಮಕ್ಕಳೆಲ್ಲ ಬಾಗಿಲಲ್ಲೇ ಕಾಯ್ತಿರ್ತಾರೆ. ಆ ಸಾಸನ್ನ ಅವರು ಅನ್ನಕ್ಕೂ ಹಾಕ್ಕೋತಾರೆ ಚೋಚಾ."

ಎಣ್ಣೆಯಲ್ಲಿ ರೆಕ್ಕೆಗಳು ಚಟಚಟ ಎನ್ನುತ್ತಿದ್ದವು. ಬರ್ನಿ ಉರಿ ತಗ್ಗಿಸಿದಳು.

"ಆಡ್ರಿ ಒಂದೆರಡು ಅವರಿಗೂ ಕೊಡ್ತಾಳೇನೋ."

"ಒಂದೆರಡಾ? ಅಮ್ಮ ಎಲ್ಲಿ ತಿಂತಾಳೆ? ನಾನು ಹೈಸ್ಕೂಲಲ್ಲಿದ್ದಾಗಿಂದ ಅವಳು ಮಾಂಸ ಮುಟ್ಟಿಲ್ಲವಲ್ಲ." ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ದೊಡ್ಡಮ್ಮನ ಮುಖದಲ್ಲಿ ಏನು ಕಂಡಿತೋ, ಮಗುವನ್ನು ಇನ್ನಷ್ಟು ಅಪ್ಪಿಕೊಂಡಳು. "ನಿಮಗೆ... ಗೊತ್ತಿತ್ತು ಅಲ್ವಾ?"

"ಸೋಮವಾರದ ಫೋನಲ್ಲಿ ಕಡೀತಾಳಲ್ಲ. ನಂಗೆ ಕೇಳಿಸುತ್ತೆ."

ಶೆಲ್ಬಿ ನೆಲ ನೋಡಿದಳು. ತಪ್ಪು ಮಾಡಿದವಳು ತಾನೇ ಎನ್ನುವಂತೆ ಕೆನ್ನೆ ಕೆಂಪಾಯಿತು.

"ಅದು ಸೆಲರಿ, ಚೋಚಾ."

ಬರ್ನಿ ಜಾಲರಿ ಎತ್ತಿ ಎಣ್ಣೆ ಸೋರಲು ಬಿಟ್ಟಳು. ದೊಡ್ಡ ಬೋಗುಣಿಗೆ ಸುರಿದು, ಸಾಸ್ ಹೊಯ್ದು, ಕುಲುಕಿದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ತಟ್ಟೆಗೆ ಜೋಡಿಸಿ, ಬ್ಲೂ ಚೀಸ್ ಬಟ್ಟಲಿಟ್ಟು, ಸೆಲರಿ ದಂಟುಗಳ ಹತ್ತಿರ ಬಂದಾಗ ಮಾತ್ರ ಕೈ ನಿಂತಿತು. ಪ್ರತಿ ತಟ್ಟೆಗೂ ಮೂರೋ ನಾಲ್ಕೋ ಇಡುವುದು ವಾಡಿಕೆ. ಅವಳು ಹಿಡಿತುಂಬ ತೆಗೆದು ಇಟ್ಟಳು.

ತಟ್ಟೆಯನ್ನು ಮೇಜಿನ ಮೇಲಿಟ್ಟು ತಂಗಿಯ ಎದುರು ಕೂತಳು. ಅಕಾರ್ಡಿಯನ್ ಜೋರಾಗಿತ್ತು. ಯಾರೋ ಎರಚಿದ ನೀರು ಆಡ್ರಿಯ ಕೂದಲಲ್ಲಿ ಹನಿಹನಿಯಾಗಿ ನಿಂತಿತ್ತು, ಅವಳು ನಗುತ್ತಿದ್ದಳು.

"ಅಮ್ಮನಿಗೋಸ್ಕರ" ಎಂದು ಆಡ್ರಿ ಒಂದು ರೆಕ್ಕೆಗೆ ಕೈಹಾಕಿದಳು. ಬೆರಳ ತುದಿಯಲ್ಲಿ ಹಿಡಿದಿದ್ದಳು, ಯಾರದೋ ಒದ್ದೆ ಕರ್ಚೀಫನ್ನು ಎತ್ತುವ ಹಾಗೆ.

"ಸೆಲರಿ ತಗೋ ಮೊದ್ಲು" ಎಂದಳು ಬರ್ನಿ. "ಅದೇ ತಾನೇ ನಿಂಗೆ ರೂಢಿ."

ಆಡ್ರಿಯ ನಗು ಹಾಗೆಯೇ ನಿಂತುಬಿಟ್ಟಿತು. ಅಡುಗೆಮನೆ ಬಾಗಿಲಲ್ಲಿ ಮಗುವನ್ನು ಹಿಡಿದು ನಿಂತ ಮಗಳ ಕಡೆ ಒಮ್ಮೆ ನೋಡಿದಳು, ರೆಕ್ಕೆಯನ್ನು ತಟ್ಟೆಯಲ್ಲಿಟ್ಟಳು, ಬೆರಳುಗಳನ್ನು ಒರೆಸಿಕೊಂಡಳು. ಒಂದೊಂದಾಗಿ ಒರೆಸಿಕೊಂಡಳು.

"ಡಾಕ್ಟರು ಕೊಲೆಸ್ಟರಾಲ್ ಅಂದಿದ್ರು. ಆರು ತಿಂಗಳು ಬಿಟ್ಟೆ. ಆಮೇಲೆ ಬೇಕು ಅಂತಾನೇ ಅನ್ನಿಸ್ಲಿಲ್ಲ ಬರ್ನಿ. ಹೇಳೋಣ ಅಂತಾನೇ ಇದ್ದೆ."

"ಯಾವಾಗ?"

"ಹೇಗೆ ಹೇಳ್ಲಿ? ಫೋನ್ ಎತ್ತಿದ ತಕ್ಷಣ ನೀನು ಏನು ತಿಂದೆ, ಏನು ಕಳಿಸ್ಲಿ, ಅಲ್ಲಿ ಇದು ಸಿಗುತ್ತಾ, ಅದು ಸಿಗುತ್ತಾ. ಇಲ್ಲ ಅಂದಷ್ಟೂ ನಿಂಗೆ ಖುಷಿ. ನಾನು ಅಲ್ಲಿ ಚೆನ್ನಾಗಿದ್ದೀನಿ ಅಂದ ದಿನ ನೀನು ಬೇಗ ಫೋನ್ ಇಟ್ಬಿಡ್ತಿದ್ದೆ. ಗೊತ್ತಾ ನಿಂಗೆ? ನಾನು ಕೊರಗ್ಬೇಕಿತ್ತು ನಿಂಗೆ. ಕೊರಗಿದೆ."

ಅದರಲ್ಲಿ ಸುಳ್ಳಿಲ್ಲವೆಂದು ಬರ್ನಿಗೆ ಒಳಗೇ ಗೊತ್ತಾಯಿತು. ಗೊತ್ತಾದದ್ದೇ ಇನ್ನಷ್ಟು ಉರಿಯಿತು.

"ಡಬ್ಬಿ ಹೋಗ್ಲಿ. ಯಾರೋ ಮಕ್ಕಳು ತಿಂದ್ರು, ಒಳ್ಳೇದಾಯ್ತು" ಎಂದಳು. "ಹರಕೆ? ಪ್ರತಿ ವರ್ಷ ಬೂದಿ ಬುಧವಾರ ನಂಗೆ ಫೋನ್ ಮಾಡಿ, ಇವತ್ತಿಂದ ಬಿಟ್ಟೆ ಕಣೇ, ಹೇಗೆ ತಡ್ಕೊಳ್ಲಿ ಅಂತಿದ್ಯಲ್ಲ. ಏನು ಬಿಟ್ಟೆ ನೀನು? ಬಿಟ್ಟಿದ್ದನ್ನೇ ಬಿಟ್ಯಾ? ಅಮ್ಮನ ಹೆಸರಲ್ಲಿ ದೇವರಿಗೆ ಖಾಲಿ ತಟ್ಟೆ ತೋರಿಸ್ದೆ. ನಾನಿಲ್ಲಿ ಕುದಿಯೋ ಎಣ್ಣೆ ಮುಂದೆ ನಿಂತು, ನಾಲಿಗೆ ಕಟ್ಕೊಂಡು, ಪರವಾಗಿಲ್ಲ, ಅಲ್ಲಿ ಅವಳೂ ನನ್ನ ಹಾಗೇ ಒದ್ದಾಡ್ತಿದಾಳೆ ಅಂತ..."

ಪಕ್ಕದ ಸ್ಟೂಲಿನ ಜೀನ್ ಬಿಯರ್ ಲೋಟ ಎತ್ತಿಕೊಂಡು, ಎದ್ದು, ಅಕಾರ್ಡಿಯನ್ ಕಡೆಗೆ ನಡೆದ. ಇಷ್ಟು ವರ್ಷಗಳಲ್ಲಿ ಅವನು ಆ ಮೂಲೆ ಬಿಟ್ಟು ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಪ್ರಾರ್ಥನೆ ಮಾಡ್ತಿದ್ದೆ ನಾನು" ಎಂದಳು ಆಡ್ರಿ ಸಣ್ಣಗೆ. "ಅದು ಸುಳ್ಳಲ್ಲ."

"ಮಹಡಿ ಮನೆಗೆ ಬರ್ತೀಯಾ ಇಲ್ವಾ?"

ಆಡ್ರಿ ತಟ್ಟೆಯನ್ನು ಮೆಲ್ಲಗೆ ಬದಿಗೆ ಸರಿಸಿದಳು. ಅದೇ ಉತ್ತರವಾಗಿತ್ತು. ಆದರೂ ಬಾಯಿಬಿಟ್ಟು ಹೇಳಿದಳು: "ಶೆಲ್ಬಿ ಅಲ್ಲಿದಾಳೆ. ಮಗು ಅಲ್ಲಿದೆ. ನನ್ನ ಸ್ನೇಹಿತರೆಲ್ಲ ಅಲ್ಲೇ. ಮುಖಕ್ಕೆ ಮುಖ ಕೂತು ಹೇಳೋಣ ಅಂತಾನೇ ಬಂದೆ. ನೀನು ಗೋಡೆಗೆ ಬಣ್ಣ ಹೊಡೆಸಿಬಿಟ್ಟಿದ್ದೆ."

"ಬರಲ್ಲ ಅಂತ ಯಾವಾಗ ಗೊತ್ತಾಯ್ತು ನಿಂಗೆ?"

"ಡಗ್ ಹೋದ ವರ್ಷ. ಆಗ ಬರೋದಿದ್ರೆ ಬರ್ತಿದ್ದೆ."

ಆಗ ಶೆಲ್ಬಿ ಇನ್ನೂ ಹೈಸ್ಕೂಲು ಸೇರಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಮಹಡಿಯಲ್ಲಿ ಉರಿಸಿದ ಹೀಟರು, ಒಗೆದ ಪರದೆ, ಬಸುರಿ ಡೆನೀಸ್‌ಳನ್ನು ಬಾಗಿಲಿಂದಲೇ ಕಳಿಸಿದ್ದು, ಎಲ್ಲ ಒಟ್ಟಿಗೆ ಬಂದು ಬರ್ನಿಯ ಎದೆಯ ಮೇಲೆ ಕೂತವು. ತಟ್ಟೆಯಲ್ಲಿ ಬೆಣ್ಣೆ ಗಟ್ಟಿಯಾಗಿ ರೆಕ್ಕೆಗಳ ಹೊಳಪು ಹೋಗಿತ್ತು. ಅವಳು ಎದ್ದು, ತಟ್ಟೆ ಎತ್ತಿಕೊಂಡು, ಅಡುಗೆಮನೆಗೆ ಹೋಗಿ ಕಸದ ಬುಟ್ಟಿಗೆ ಸುರಿದಳು. ಒಂದನ್ನೂ ತಿನ್ನಲಿಲ್ಲ. ಅವಳು ಕರಿದ ರೆಕ್ಕೆ ಕಸಕ್ಕೆ ಹೋದದ್ದು ಅದೇ ಮೊದಲು ಎಂದು ಕ್ಯಾಸ್ ಆಮೇಲೆ ಎಲ್ಲರಿಗೂ ಹೇಳಿದ, ಬೈಗುಳ ಸೇರಿಸದೆ ಹೇಳಿದ.

ಉಳಿದ ದಿನಗಳಲ್ಲಿ ಜಗಳವೇನೂ ಆಗಲಿಲ್ಲ. ಬರ್ನಿ ಕಾಫಿ ಮಾಡಿ ಕೊಟ್ಟಳು, ಮೈಲೋವನ್ನು ತೊಡೆಯ ಮೇಲೆ ಕುಣಿಸಿದಳು, ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದಳು. ಆಡ್ರಿ ಅಪ್ಪಿಕೊಂಡಾಗ ಇವಳ ಕೈಗಳು ಕೋಟಿನ ಜೇಬಿನಲ್ಲೇ ಇದ್ದವು. ಹೊರಡುವಾಗ ಶೆಲ್ಬಿ ಕಣ್ಣು ತುಂಬಿಕೊಂಡು, "ಚೋಚಾ, ನಾನು ಬಾಯಿ ಬಿಡ್ಬಾರ್ದಿತ್ತು" ಎಂದಳು. "ನೀನೊಬ್ಳೇ ಬಿಟ್ಟಿದ್ದು" ಎಂದು ಬರ್ನಿ ಅವಳ ಕೆನ್ನೆ ತಟ್ಟಿದಳು. ಮೆಣಸಿನಕಾಯಿಯ ಪೊಟ್ಟಣ ಬರ್ನಿಯ ಅಡುಗೆಮನೆಯ ಕಿಟಕಿಯಲ್ಲೇ ಉಳಿಯಿತು.

ಮೇ ತಿಂಗಳಲ್ಲಿ ಡೆನೀಸ್, ಅವಳ ಗಂಡ, ಅವರ ನಡೆಯಲು ಕಲಿತ ಮಗಳು ಮಹಡಿ ಮನೆಗೆ ಬಂದರು. ಬೀಗದ ಕೈ ಕೊಡುವಾಗ ಬರ್ನಿ, "ಮೆಟ್ಟಿಲು ಕಡಿದು, ಮಗೂನ ನೋಡ್ಕೊಳ್ಳಿ. ಒಂದು ತಡೆಬಾಗಿಲು ಹಾಕಿಸ್ತೀನಿ" ಎಂದಳು.

ಅದೇ ವಾರ ಡಬ್ಬಿಯನ್ನೂ ಕಟ್ಟಿದಳು. ಎಂದಿನಂತೆ ರೆಕ್ಕೆ, ಐಸು, ಬ್ಲೂ ಚೀಸ್, ಬನ್ನು. ಸಾಸಿಗೆ ಈ ಸಲ ಆ ಒಣ ಮೆಣಸಿನಕಾಯಿಯನ್ನು ಹುರಿದು ಪುಡಿಮಾಡಿ ಬೆರೆಸಿದ್ದಳು. ಮೇಲೆ ರಮೀರೋನ ಹೆಸರು, ಶೆಲ್ಬಿಯನ್ನು ಕೇಳಿ ಪಡೆದ ರಮೀರೋನ ಮನೆ ನಂಬರು ಬರೆದಳು.

ನಾಲ್ಕನೆಯ ದಿನ, ಅಡುಗೆಮನೆಯಲ್ಲಿ ಕೆಲಸದ ಹೊತ್ತಿನಲ್ಲಿ, ಆಡ್ರಿಯ ಫೋನು ಬಂತು.

"ಬರ್ನಿ, ಡಬ್ಬಿ ಪಕ್ಕದ ಮನೆಗೆ ಹೋಗಿದೆ ಕಣೇ."

"ಹೋಗ್ಬೇಕಾದ ಕಡೆಗೇ ಹೋಗಿದೆ."

ಬರ್ನಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ರೆಕ್ಕೆಗಳನ್ನು ಎಣ್ಣೆಗೆ ಬಿಟ್ಟಳು.

"ರಮೀರೋ ಒಂದು ತಟ್ಟೇಲಿ ಹಾಕಿ ಕೊಟ್ಟು ಹೋದ" ಎಂದಳು ಆಡ್ರಿ. "ನನ್ನ ಮುಂದೇನೇ ಇದೆ. ತಿಂತೀನಿ. ನಿಜವಾಗ್ಲೂ ತಿಂತೀನಿ ಬರ್ನಿ. ಕೇಳು."

ಕುರುಂ ಎಂದಿತು.

ಬರ್ನಿ ಕಿವಿಗೊಟ್ಟು ಕೇಳಿದಳು. ಇಷ್ಟು ವರ್ಷ ಪ್ರತಿ ಈಸ್ಟರ್ ಸೋಮವಾರ ಕೇಳಿ, ಕಣ್ಣು ಮುಚ್ಚಿ ನಂಬಿದ ಸದ್ದು ಅದೇ. ಗರಿಯಾದ ರೆಕ್ಕೆಯೂ ಹಾಗೆಯೇ ಸದ್ದು ಮಾಡುತ್ತದೆ, ಸೆಲರಿಯೂ ಹಾಗೆಯೇ ಸದ್ದು ಮಾಡುತ್ತದೆ.

"ಕೇಳಿಸ್ತಾ?"

"ಕೇಳಿಸ್ತು" ಎಂದಳು ಬರ್ನಿ. ಎಣ್ಣೆ ಉಕ್ಕುತ್ತಿತ್ತು, ಫೋನಿಟ್ಟು ಜಾಲರಿ ಎತ್ತಿದಳು.